ಎಣಿಕೆಯಿಲ್ಲದ ಬಡಿತ

ಕಿವಿಯಕ್ಕ ಕೂರುವ ಸ್ಟೂಲಿಗೆ ಒಂದು ಕಾಲು ಗಿಡ್ಡ. ಯಾರು ಕೂತರೂ ಅದು ಒಮ್ಮೆ ವಾಲಿ, ನೆಲಕ್ಕೆ ಟಕ್ ಎಂದು ತಾಗಿ ಸುಮ್ಮನಾಗುತ್ತದೆ. ಮಧ್ಯಾಹ್ನ ಊಟದ ತಟ್ಟೆ ತೊಳೆದಾದ ಮೇಲೆ ಆ ಸದ್ದು ಕೇಳಿದರೆ ಮನೆಯ ಹೆಂಗಸರಿಗೆಲ್ಲ ಗೊತ್ತಾಗುತ್ತಿತ್ತು. ಅಕ್ಕ ಕೂತಳು. ಇನ್ನು ಬಾಗಿಲು ತೆಗೆಯಬಹುದು. ಅವಳು ಕೂರುವ ಮೊದಲು ಯಾರೂ ಗಿರಾಕಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಮನೆ ಎಂದರೆ ಹಿಂದೊಮ್ಮೆ ಗೋದಾಮಾಗಿದ್ದ ಕಟ್ಟಡದ ಮಹಡಿ. ನಡುವೆ ಉದ್ದನೆಯ ಪ್ಯಾಸೇಜು, ಎರಡೂ ಕಡೆ ಕೋಣೆಗಳು. ಸಾಮಾನು ತುಂಬಿ ಬಂದಿದ್ದ ಮರದ ಪೆಟ್ಟಿಗೆಗಳನ್ನೇ ಒಡೆದು, ಆ ಹಲಗೆಗಳನ್ನು ಹೊಡೆದು ಕೋಣೆ ಕೋಣೆ ಮಾಡಿದ್ದರು. ಕೆಲವು ಹಲಗೆಗಳ ಮೇಲೆ ಅಚ್ಚು ಇನ್ನೂ ಅಳಿಸಿರಲಿಲ್ಲ. ಗಿಣಿಯ ಮಂಚದ ತಲೆದೆಸೆಯಲ್ಲಿ ‘ಜೋಪಾನ, ಒಡೆಯುವ ವಸ್ತು’ ಎಂದು ಬರೆದಿತ್ತು. ನನಗಾಗಿಯೇ ಬರೆಸಿದ್ದು, ಆದರೆ ಬರುವವರಲ್ಲಿ ಒಬ್ಬನಿಗೂ ಓದು ಬರುವುದಿಲ್ಲ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಬಾಯಿ ಮುಚ್ಚಿ ಗೊತ್ತಿಲ್ಲದವಳು ಅವಳು. ಅದಕ್ಕೇ ಗಿಣಿ.

ಪ್ರತಿ ಮಂಚದ ತಲೆದೆಸೆಯಲ್ಲೂ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅದು ನೀರು ಕುಡಿಯುವುದಕ್ಕಲ್ಲ. ಹಲಗೆಗೆ ಒಂದು ಸಲ ಬಡಿದರೆ ನೀರು ಬೇಕು. ಎರಡು ಸಲ ಬಡಿದರೆ ಅವನ ಹೊತ್ತು ಮುಗಿದಿದೆ, ಏಳುತ್ತಿಲ್ಲ, ಹೊರಗೆ ನಿಂತು ಕೆಮ್ಮು. ಎಣಿಸದೆ ಬಡಿದರೆ ಬಾ. ಇದ್ದ ಹಾಗೆ ಬಾ. ಎಲ್ಲರೂ ಬನ್ನಿ.

ಹಾಗೆ ಬಡಿತ ಕೇಳಿದಾಗ ಬಾರದಿರುವುದು ಎಂಬುದಿರಲಿಲ್ಲ. ಮೈಮೇಲಿದ್ದವನನ್ನು ತಳ್ಳಿ ಬರುತ್ತಿದ್ದರು. ಲಂಗ ಎದೆಗೆ ಕಟ್ಟಿಕೊಂಡು ಬರುತ್ತಿದ್ದರು. ಅಡುಗೆ ಮಾಡುತ್ತಿದ್ದವಳು ಕೈಯಲ್ಲಿ ಸೌಟು ಹಿಡಿದೇ ಓಡುತ್ತಿದ್ದಳು. ಅವಳಿಗೆ ಸೌಟಕ್ಕ ಎಂದೇ ಹೆಸರಾಗಿತ್ತು, ಮಂಚದ ಕೆಲಸದ ದಿನವೂ ಅದೇ ಹೆಸರು. ಒಬ್ಬ ಹೆಂಗಸನ್ನು ಹೊಡೆಯಲು ಗಂಡಸಿಗೆ ಧೈರ್ಯ ಇರುತ್ತದೆ. ಬಾಗಿಲ ತುಂಬ ಹೆಂಗಸರು ಬಂದು ನಿಂತರೆ ಅವನಿಗೆ ಮನೆಯ ನೆನಪಾಗುತ್ತದೆ. ಪ್ಯಾಂಟು ಏರಿಸಿಕೊಂಡು, ಗೋಡೆಗೆ ಮೈ ಉಜ್ಜಿಕೊಂಡು ಹೊರಟುಹೋಗುತ್ತಾನೆ.

ಈ ಪದ್ಧತಿ ಹಾಕಿದವಳು ಕಿವಿಯಕ್ಕ. ಅವಳ ಪ್ರಾಯದಲ್ಲಿ ಹಲಗೆ ಇತ್ತು, ಲೋಟ ಇರಲಿಲ್ಲ. ಒಬ್ಬ ಅವಳ ಹೆಗಲ ಮೂಳೆ ಮುರಿದ. ಅವಳು ಕೂಗಿದಳು. ಪಕ್ಕದ ಕೋಣೆಯವಳು ರೇಡಿಯೋ ಜೋರು ಮಾಡಿದಳು. ಮರುದಿನ ಅದೇ ಹೆಂಗಸು ಬಂದು ಅವಳಿಗೆ ತಲೆ ಬಾಚಿ, ಗಂಜಿ ಕುಡಿಸಿ, ನನಗೆ ಭಯವಾಯಿತು ಕಣೇ ಎಂದು ಅತ್ತಳು. ಕಿವಿಯಕ್ಕ ಅವಳನ್ನು ಬೈಯಲಿಲ್ಲ. ಮೂಳೆ ಕೂಡಿಕೊಂಡ ಮೇಲೆ ಸಂತೆಗೆ ಹೋಗಿ ಲೋಟಗಳನ್ನು ತಂದು, ಮಂಚಕ್ಕೊಂದರಂತೆ ಇಟ್ಟಳು. ಮೈ ಸೋತು ಗಿರಾಕಿಗಳು ಮುಖ ತಿರುಗಿಸತೊಡಗಿದಾಗ ಪ್ಯಾಸೇಜಿನಲ್ಲಿ ಸ್ಟೂಲು ಹಾಕಿಕೊಂಡಳು. ಅಂದಿನಿಂದ ಅದೇ ಅವಳ ಕೆಲಸ. ತುಟಿಯಲ್ಲಿ ತಾಯಿ ಬಾಯಿಪಾಠ ಮಾಡಿಸಿದ್ದ ದೇವರ ಪದಗಳು, ಕಿವಿ ಹಲಗೆಯ ಮೇಲೆ. ಒಂದು ಕಿವಿ ದೇವರಿಗೆ, ಇನ್ನೊಂದು ನಮಗೆ ಎಂದು ಗಿಣಿ ಆಡಿಕೊಳ್ಳುತ್ತಿದ್ದಳು. ಸಂಜೆ ಎಲ್ಲರೂ ಅವಳ ಡಬ್ಬಿಗೆ ಕೈಲಾದಷ್ಟು ಹಾಕುತ್ತಿದ್ದರು. ಅದರಲ್ಲೇ ಅವಳ ಹೊಟ್ಟೆ, ಬಟ್ಟೆ, ಮೊಣಕಾಲಿನ ಮುಲಾಮು.

ಆ ವರ್ಷ ಊರಿನಲ್ಲಿ ಇವರ ಬಗ್ಗೆ ಮಾತು ಎದ್ದಿತು. ಇದನ್ನು ಮುಚ್ಚಬೇಕು ಎಂದು ಒಂದು ಗುಂಪು. ಇದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟು, ಕಟ್ಟುಪಾಡು ಹಾಕಬೇಕು ಎಂದು ಇನ್ನೊಂದು ಗುಂಪು. ಎರಡೂ ಗುಂಪಿಗೆ ಒಬ್ಬೊಬ್ಬರು ಅಮ್ಮಾವ್ರು ಇದ್ದರು. ಇಬ್ಬರೂ ಬೀದಿಗೆ ಬಂದರು. ಒಬ್ಬರು ಬರುವಾಗ ಇನ್ನೊಬ್ಬರು ಬರುತ್ತಿರಲಿಲ್ಲ. ಇಬ್ಬರೂ ಇವರನ್ನು ‘ನಮ್ಮ ಹೆಣ್ಣುಮಕ್ಕಳು’ ಎನ್ನುತ್ತಿದ್ದರು. ಇಬ್ಬರೂ ಮಂಚದ ಮೇಲೆ ಕೂರದೆ ನಿಂತೇ ಮಾತಾಡುತ್ತಿದ್ದರು.

ಮುಚ್ಚಬೇಕು ಎನ್ನುವವರಿಗೆ ಹೆಂಗಸರು ಹೊಲಿಗೆಯಮ್ಮ ಎಂದು ಹೆಸರಿಟ್ಟಿದ್ದರು. ಅವರದೊಂದು ಆಶ್ರಮ ಇತ್ತು. ಅಲ್ಲಿ ಹೊಲಿಗೆ ಕಲಿಸುತ್ತಿದ್ದರು. ಸೌಟಕ್ಕನನ್ನು ಒಮ್ಮೆ ಪೊಲೀಸರು ಹಿಡಿದು ಅಲ್ಲಿಗೆ ಬಿಟ್ಟಿದ್ದರು. ಹಗಲೆಲ್ಲ ದಿಂಬಿನ ಚೀಲ ಹೊಲಿಯುವುದು, ಸಂಜೆಯಾದರೆ ಹೊರಗಿನಿಂದ ಬೀಗ. ದಿಂಬಿನ ಚೀಲ ಎಲ್ಲಿಗೆ ಹೋಗುತ್ತಿತ್ತೋ, ಅದರ ದುಡ್ಡು ಎಲ್ಲಿಗೆ ಹೋಗುತ್ತಿತ್ತೋ ಯಾರೂ ಹೇಳಲಿಲ್ಲ. ಇಲ್ಲಾದರೆ ಒಳಗಿನಿಂದ ಚಿಲಕ ಹಾಕುವವಳು ನಾನೇ ಎಂದು ಸೌಟಕ್ಕ ವಾಪಸು ಬಂದಿದ್ದಳು.

ಒಪ್ಪಿಗೆ ಬೇಕು ಎನ್ನುವವರು ಕಾರ್ಡಿನಮ್ಮ. ಪ್ರತಿಯೊಬ್ಬಳಿಗೂ ಒಂದು ಕಾರ್ಡು ಕೊಡಿಸುತ್ತೇನೆ, ಇದೂ ಎಲ್ಲ ಕೆಲಸದಂತೆ ಒಂದು ಕೆಲಸ ಎಂದು ಅವರು ಹೇಳಿದಾಗ ಗಿಣಿಯ ಕಣ್ಣು ಅರಳಿತು. ಗಿಣಿಗೆ ಒಬ್ಬ ಮಗಳಿದ್ದಳು, ದೂರದ ಹಾಸ್ಟೆಲಿನಲ್ಲಿ. ಶಾಲೆಯಲ್ಲಿ ಅಮ್ಮನ ಕೆಲಸ ಏನು ಎಂದು ಕೇಳಿದಾಗಲೆಲ್ಲ ಗಿಣಿ ಹೊಸದೊಂದು ಸುಳ್ಳು ಹುಟ್ಟಿಸುತ್ತಿದ್ದಳು. ಅದಕ್ಕಿಂತ ದೊಡ್ಡದು ಪೇದೆಯ ಕಾಟ. ಅವನು ತಿಂಗಳಲ್ಲಿ ಎಷ್ಟು ಸಲ ಬೇಕಾದರೂ ಬರುತ್ತಿದ್ದ. ದುಡ್ಡು ಕೊಡುತ್ತಿರಲಿಲ್ಲ. ಅವನು ಒಳಗಿರುವಾಗ ಲೋಟ ಬಡಿದರೂ ಪ್ರಯೋಜನವಿರಲಿಲ್ಲ. ಬಂದವರನ್ನೆಲ್ಲ ಜೀಪಿಗೆ ತುಂಬಬಲ್ಲವನು ಅವನೊಬ್ಬನೇ.

“ಮೈ ಮುರಿದು ಮಾಡೋದು ಕೆಲಸ ಅಲ್ದೆ ಇನ್ನೇನಕ್ಕಾ?” ಎಂದಳು ಗಿಣಿ. “ಕಾರ್ಡ್ ಬರ್ಲಿ. ಅವನು ಬಂದಾಗ ಸಾಲಲ್ಲಿ ನಿಂತ್ಕೋ ಅಂತೀನಿ. ನಾಲ್ಕು ಜನರ ಮುಂದೆ ಅಂತೀನಿ.”

ಕಿವಿಯಕ್ಕನಿಗೆ ಕಾರ್ಡು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಗಿಣಿಗೆ ಬೇಕಾಗಿತ್ತು. ಅಷ್ಟು ಸಾಕಾಯಿತು.

ಇದನ್ನು ತೀರ್ಮಾನಿಸಲೆಂದು ಸರ್ಕಾರ ಹಾಕಿದ್ದ ಸಮಿತಿ ಸಭೆ ಕರೆಯಿತು. ಹೆಂಗಸರು ಒಗೆದ ಸೀರೆ ಉಟ್ಟು ಹೋದರು. ದೊಡ್ಡ ಹಾಲು, ಎತ್ತರದ ವೇದಿಕೆ, ಮೆತ್ತನೆಯ ಕುರ್ಚಿಗಳು. ಇವರಿಗೆ ಕೊನೆಯ ಸಾಲು, ಬಾಗಿಲ ಪಕ್ಕ. ಆ ಸಾಲಿನ ಕುರ್ಚಿಗಳ ಮೇಲೆ ಮಾತ್ರ ಹಳೆಯ ಪೇಪರು ಹಾಸಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕೂತರು. ಬೆವರಿಗೆ ಪೇಪರು ತೊಡೆಗೆ ಅಂಟಿಕೊಂಡಿತು.

ವೇದಿಕೆಯ ಮೇಲೆ ಇಬ್ಬರು ಅಮ್ಮಾವ್ರೂ ಇದ್ದರು. ಇದು ಹುಣ್ಣು, ಕತ್ತರಿಸಿ ತೆಗೆಯಬೇಕು ಎಂದು ಒಬ್ಬರು. ಹುಣ್ಣಾದರೆ ಮುಲಾಮು ಹಚ್ಚಬೇಕು ಎಂದು ಇನ್ನೊಬ್ಬರು. ಹುಣ್ಣು ಹಿಂದಿನ ಸಾಲಿನಲ್ಲಿ ಕೂತು ಕೇಳಿತು. ದನಿ ಏರಿತು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬಿದ್ದು ಏನೂ ತಿಳಿಯದಾಯಿತು. ಆಗ ಅಧ್ಯಕ್ಷರು ಪೆನ್ನು ತೆಗೆದುಕೊಂಡು, ಮುಂದಿದ್ದ ನೀರಿನ ಗಾಜಿನ ಲೋಟಕ್ಕೆ ಬಡಿದರು. ಟಣ್ ಟಣ್ ಟಣ್ ಟಣ್. ನಿಲ್ಲಿಸದೆ ಬಡಿದರು.

ಹಿಂದಿನ ಸಾಲು ಎದ್ದು ನಿಂತಿತು.

ಯಾರೂ ಯೋಚಿಸಿ ಎದ್ದದ್ದಲ್ಲ. ಕಾಲು ತಾನಾಗಿ ಎದ್ದಿತು. ಸೌಟಕ್ಕ ಕುರ್ಚಿಯನ್ನೇ ಎತ್ತಿಕೊಂಡಿದ್ದಳು. ಕಿವಿಯಕ್ಕ ಸೀರೆ ಮೇಲೆ ಕಟ್ಟಿ ನಡುದಾರಿಯಲ್ಲಿ ಅರ್ಧ ಓಡಿದ್ದಳು. ವೇದಿಕೆಯ ಮೇಲಿದ್ದವರು ಹಿಂದಕ್ಕೆ ಸರಿದರು. ಒಬ್ಬರ ಟೀ ಚೆಲ್ಲಿತು. ಬಾಗಿಲ ಕಾವಲಿನವನು ಲಾಠಿ ಹಿಡಿದು ಬಂದ. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಾಲಿನ ತುಂಬ ಹರಿಯಿತು. ಹೆಂಗಸರ ಹಿಂಬದಿಗೆ ಪೇಪರಿನ ಚೂರುಗಳು ಅಂಟಿದ್ದವು.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು ಅಧ್ಯಕ್ಷರು. “ನಿಮಗೆ ಯಾರೂ ಏನೂ ಮಾಡಲ್ಲ.”

ಕೂತರು. ಕಿವಿಯಕ್ಕನ ಮುಖ ಬೆಂಕಿಗೆ ಹಿಡಿದ ಹಾಗೆ ಸುಡುತ್ತಿತ್ತು. ಬತ್ತಲೆ ನಿಂತಾಗಲೂ ಅವಳಿಗೆ ಹಾಗೆ ಆಗಿರಲಿಲ್ಲ. ಮರುದಿನ ಪೇಪರಿನಲ್ಲಿ ಸಭೆಯಲ್ಲಿ ಆ ಹೆಂಗಸರ ಗದ್ದಲ ಎಂದು ಬಂತು.

ಗದ್ದಲ ತಣ್ಣಗಾದ ಮೇಲೆ ಅದೇ ಸಭೆಯಲ್ಲಿ ಕಿವಿಯಕ್ಕನನ್ನು ಮಾತಾಡಲು ಕರೆದಿದ್ದರು. ಅವಳು ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡು ಬಂದದ್ದನ್ನು, ದೇವರ ಪದ ಒಪ್ಪಿಸುವ ಹಾಗೆ ಕೈಕಟ್ಟಿ ಒಪ್ಪಿಸಿದಳು. ಕಾರ್ಡು ಕೊಡಿ. ಪೇದೆಯನ್ನು ತಡೆಯಿರಿ. ಹಲಗೆ ಮಾತ್ರ ಮುಟ್ಟಬೇಡಿ. ಪ್ಯಾಸೇಜಿನಲ್ಲಿ ನಮ್ಮವಳು ಒಬ್ಬಳು ಕೂತಿರಲಿ. ಯಾವ ಹಲಗೆ ಎಂದು ಅಧ್ಯಕ್ಷರು ಪಕ್ಕದವರನ್ನು ಕೇಳಿದರು. ಪಕ್ಕದವರು ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ. ಹಲಗೆ ಯಾಕಮ್ಮ, ಒಳ್ಳೆ ಗೋಡೆ ಕಟ್ಟಿಸುತ್ತೇವೆ, ಕರೆಂಟಿನ ಗಂಟೆ ಹಾಕಿಸುತ್ತೇವೆ, ನೀವೂ ಎಲ್ಲರಂತೆ ಚೆನ್ನಾಗಿರಬೇಕು ಎಂದರು. ಹಾಲು ಚಪ್ಪಾಳೆ ತಟ್ಟಿತು.

ಕಾನೂನು ಬಂತು. ಜೊತೆಗೆ ಇಟ್ಟಿಗೆ ಬಂತು.

ಹಲಗೆಗಳನ್ನು ಕಿತ್ತು ಸೌದೆಗೆ ಮಾರಿದರು. ‘ಜೋಪಾನ’ ಎಂಬ ಹಲಗೆಯನ್ನು ಗಿಣಿ ಇಟ್ಟುಕೊಳ್ಳಬೇಕೆಂದಿದ್ದಳು, ಅಷ್ಟರಲ್ಲಿ ಅದು ಗಾಡಿ ಏರಿತ್ತು. ಕೋಣೆ ಕೋಣೆಗೂ ದಪ್ಪ ಗೋಡೆ ಎದ್ದಿತು, ಎದೆಮಟ್ಟಕ್ಕೆ ಬಿಳಿ ಟೈಲ್ಸು. ಗಾಳಿ ಬೇಕೆಂದು ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ಬಾಗಿಲ ಪಕ್ಕ, ದೀಪದ ಸ್ವಿಚ್ಚಿನ ಕೆಳಗೆ ಒಂದು ಕೆಂಪು ಗುಂಡಿ. ಒತ್ತಿದರೆ ಕೆಳಗೆ ಮ್ಯಾನೇಜರನ ಮೇಜಿನ ಮೇಲೆ ಗಂಟೆ ಬಾರಿಸುತ್ತದೆ.

ಮ್ಯಾನೇಜರ್ ಎಂದರೆ ಮನೆಯೊಡತಿಯ ತಮ್ಮ. ನಿನ್ನೆ ಮೊನ್ನೆಯವರೆಗೆ ಬೀದಿಯ ತಿರುವಿನಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತು ಗಿರಾಕಿಗಳ ತೋಳು ಹಿಡಿದು ಎಳೆಯುತ್ತಿದ್ದವನು. ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು. ಈಗ ಟೈ ಕಟ್ಟಿದ್ದ. ಮಾವ ಎಂದರೆ ತಿರುಗಿ ನೋಡುತ್ತಿರಲಿಲ್ಲ. ಅವನು ಕಿತ್ತುಕೊಳ್ಳುತ್ತಿದ್ದ ಪಾಲಿಗೆ ಈಗ ನಿರ್ವಹಣಾ ಶುಲ್ಕ ಎಂದು ಹೆಸರು. ರಸೀದಿ ಕೂಡ ಕೊಡುತ್ತಿದ್ದ.

ಕಿವಿಯಕ್ಕನ ಡಬ್ಬಿಗೆ ಕಾನೂನು ಬೇರೆ ಹೆಸರಿಟ್ಟಿತು. ತಪಾಸಣೆಗೆ ಬಂದ ಅಧಿಕಾರಿ ಅವಳನ್ನು ನಿಲ್ಲಿಸಿ ತಿಳಿಸಿ ಹೇಳಿದ. ಲೈಸೆನ್ಸಿಲ್ಲದೆ ಈ ಹೆಂಗಸರ ಗಳಿಕೆಯ ಮೇಲೆ ಬದುಕುವವರು ಯಾರೇ ಆಗಲಿ ದಲ್ಲಾಳಿಗಳು, ಜೈಲು. ಹಾಗಾದರೆ ನನಗೂ ಲೈಸೆನ್ಸು ಕೊಡಿ ಎಂದಳು. ಮಂಚದ ಕಾರ್ಡಿಗೆ ವಯಸ್ಸು ಮೀರಿತ್ತು. ಸಿಬ್ಬಂದಿಯ ಕಾರ್ಡಿಗೆ ಪೊಲೀಸರ ದಾಖಲೆಯಲ್ಲಿ ಹೆಸರು ಇರಬಾರದು. ಅವಳ ಹೆಸರು ಪ್ರಾಯದಿಂದ ಅಲ್ಲಿತ್ತು. ಇದೇ ಕೆಲಸಕ್ಕೆ ಅವಳನ್ನು ಎಷ್ಟೋ ಸಲ ಹಿಡಿದಿದ್ದರು. ಇವತ್ತು ಕಾನೂನು ಕೆಲಸ ಎಂದದ್ದನ್ನು ಅವತ್ತು ಮಾಡಿದ್ದಳು. ಅದಕ್ಕೆ ಇವತ್ತು ಅವಳಿಗೆ ಕೆಲಸವಿಲ್ಲ. ಅಧಿಕಾರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಸ್ಟೂಲು ಪ್ಯಾಸೇಜಿನ ಮೂಲೆ ಸೇರಿತು. ಅದರ ಮೇಲೆ ನೆಲ ಒರೆಸುವ ಬಕೆಟ್ಟು ಕೂತಿತು. ಕಿವಿಯಕ್ಕ ಎದುರಿನ ವೆಲ್ಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಕೂರತೊಡಗಿದಳು. ಅಲ್ಲಿಂದ ಬಾಗಿಲು ಕಾಣುತ್ತಿತ್ತು. ಕಬ್ಬಿಣ ಕೊಯ್ಯುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಹೆಂಗಸರು ಹಾಲು ತರುವ ನೆಪದಲ್ಲಿ ಬಂದು ಅವಳ ಸೆರಗಿಗೆ ಒಂದಿಷ್ಟು ಹಾಕಿ ಹೋಗುತ್ತಿದ್ದರು, ಕದ್ದ ಮಾಲು ಕೊಟ್ಟ ಹಾಗೆ.

ಕಾರ್ಡಿನಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೇದೆ ಒಂದು ಮಧ್ಯಾಹ್ನ ಬಂದ. ಗಿಣಿ ಬಾಗಿಲಲ್ಲೇ ಕಾರ್ಡು ಎತ್ತಿ ಹಿಡಿದು, ಸಾಲಲ್ಲಿ ನಿಂತ್ಕೋ ಎಂದಳು. ಪ್ಯಾಸೇಜಿನಲ್ಲಿದ್ದ ಗಿರಾಕಿಗಳೂ ನಕ್ಕರು. ಪೇದೆ ಟೋಪಿ ಸರಿ ಮಾಡಿಕೊಂಡು ಮೆಟ್ಟಿಲಿಳಿದ. ಇಳಿಯುವಾಗ ಒಮ್ಮೆ ಮೇಲೆ ನೋಡಿದ. ಗಿಣಿ ಓಡಿಬಂದು ವೆಲ್ಡಿಂಗ್ ಅಂಗಡಿಯ ಮುಂದೆ ಕಾರ್ಡಿಗೆ ಮುತ್ತು ಕೊಟ್ಟಳು, ಕಿವಿಯಕ್ಕನ ಕೆನ್ನೆಗೂ ಕೊಟ್ಟಳು. ಆ ದಿನ ಎಲ್ಲರಿಗೂ ಟೀ ಅವಳದೇ.

ವಾರಕ್ಕೊಮ್ಮೆ ಡಾಕ್ಟರ ತಪಾಸಣೆ. ಸಾಲಾಗಿ ಮಲಗುವುದು, ಕಾಲು ಅಗಲಿಸುವುದು, ಮುಂದೆ ಹೋಗು ಎನ್ನಿಸಿಕೊಳ್ಳುವುದು. ಕೈಗವಸಿನ ಡಾಕ್ಟರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬರುವ ಗಂಡಸರನ್ನು ಯಾರು ನೋಡುತ್ತಾರೆ ಎಂದು ಗಿಣಿ ಕೇಳಿದಳು. ಅವರಿಗೂ ಒಂದು ಕಾರ್ಡು ಕೊಡಿ, ನಾವೂ ಟಾರ್ಚು ಬಿಟ್ಟು ನೋಡುತ್ತೇವೆ ಎಂದಳು. ನರ್ಸು ನಗು ತಡೆಯಲಾರದೆ ಹೊರಗೆ ಹೋದಳು.

ಅದಾದ ಕೆಲವೇ ದಿನಕ್ಕೆ ಗಿಣಿಯ ಕೋಣೆಗೆ ಒಬ್ಬ ಹೊಸ ಗಿರಾಕಿ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮ್ಯಾನೇಜರನಿಂದ ರಸೀದಿ ಬರೆಸಿಕೊಂಡು ಮೇಲೆ ಹೋದದ್ದನ್ನು ಕಿವಿಯಕ್ಕ ಎದುರಿನ ಮೆಟ್ಟಿಲಿನಿಂದ ನೋಡಿದಳು. ಅಂಗಡಿಯಲ್ಲಿ ಗೇಟು ಕೊಯ್ಯುತ್ತಿದ್ದರು. ಕಿಡಿ ಹಾರುತ್ತಿತ್ತು. ಅವಳ ತುಟಿಯಲ್ಲಿ ಪದ ನಡೆದಿತ್ತು. ಸ್ವಲ್ಪ ಹೊತ್ತಿಗೆ ಅವನು ಇಳಿದು ಬಂದ. ಬಾಗಿಲಲ್ಲಿ ನಿಂತು ತಲೆ ಬಾಚಿಕೊಂಡ. ಬೀದಿ ದಾಟಿ ಅವಳ ಪಕ್ಕದಲ್ಲೇ ಹಾದ. ದಾರಿಗೆ ಅಡ್ಡವಾಗಿದ್ದ ಕಾಲನ್ನು ಅವಳು ಎಳೆದುಕೊಂಡಳು.

“ಪರವಾಗಿಲ್ಲಮ್ಮ, ಕೂತಿರಿ,” ಎಂದ.

ಮುಂದಿನ ಗಿರಾಕಿ ಕಾದು ಕಾದು ಬೈದಾಗ ಮ್ಯಾನೇಜರ್ ಮೇಲೆ ಹೋದ. ಬಾಗಿಲು ದೂಡಿದ. ಗಿಣಿ ಮಂಚಕ್ಕೂ ಕಿಟಕಿಗೂ ನಡುವೆ ಬಿದ್ದಿದ್ದಳು. ಕುತ್ತಿಗೆ ನೀಲಿಯಾಗಿತ್ತು. ಬಲಗೈಯಲ್ಲಿ ತಲೆದೆಸೆಯ ಹಳೆಯ ಲೋಟ ಇತ್ತು. ಬೆರಳು ಬಿಡಿಸಲು ಆಗಲಿಲ್ಲ, ಆಸ್ಪತ್ರೆಗೆ ಲೋಟದ ಜೊತೆಯೇ ಹೊತ್ತರು. ಲೋಟದ ಅಂಚು ಮಡಚಿಹೋಗಿತ್ತು. ಹೊಸ ಟೈಲ್ಸು ನಕ್ಷತ್ರದ ಹಾಗೆ ಸೀಳಿತ್ತು. ಅಷ್ಟು ಬಡಿದಿದ್ದಳು. ಗೋಡೆಯ ಆಚೆ ಸೌಟಕ್ಕ ಇದ್ದಳು. ಮೂರನೇ ಮನೆಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡೆ ಎಂದು ಅವಳು ಹಣೆ ಚಚ್ಚಿಕೊಂಡಳು.

ಗಿಣಿ ಸಾಯಲಿಲ್ಲ. ದನಿ ಸತ್ತಿತು. ಗಂಟಲಿನೊಳಗೆ ಏನೋ ಜಜ್ಜಿಹೋಗಿದೆ, ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದರು. ಬಾಯಿ ತೆರೆದರೆ ಬರಿ ಗಾಳಿ.

ದಿನಾ ಮಧ್ಯಾಹ್ನ, ಕೆಲಸಕ್ಕೆ ಮೊದಲು, ಗಿಣಿ ಮಗಳಿಗೆ ಫೋನಿನಲ್ಲಿ ಒಂದು ಕಥೆ ಹೇಳುತ್ತಿದ್ದಳು. ಒಂದು ಸುಳ್ಳುಬುರುಕ ನರಿಯ ಕಥೆ, ಮುಗಿಯುತ್ತಲೇ ಇರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಫೋನು ಬಂತು. ಕಿವಿಯಕ್ಕ ತೆಗೆದುಕೊಂಡು ನರಿಯನ್ನು ಎಲ್ಲಿಗೋ ಓಡಿಸಲು ನೋಡಿದಳು.

“ಈ ನರಿ ಬೇರೆ,” ಎಂದಿತು ಮಗು. “ಅಮ್ಮಂಗೆ ಕೊಡಿ.”

ಗಿಣಿ ಫೋನಿಗೆ ಬಾಯಿ ಇಟ್ಟಳು. ಎದೆ ಏರಿ ಇಳಿಯಿತು.

“ಅಜ್ಜೀ, ಅಮ್ಮ ಯಾಕೆ ಊದ್ತಾ ಇದಾಳೆ?” ಎಂದು ಮಗು ನಗುತ್ತ ಕೇಳಿತು.

ವಿಚಾರಣೆಗೆ ಮೂವರು ಬಂದರು. ಕೆಂಪು ಗುಂಡಿ ಒತ್ತಿದರು. ಕೆಳಗೆ ಗಂಟೆ ಬಾರಿಸಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಬಾರಿಸಿತು. ವ್ಯವಸ್ಥೆ ಸರಿಯಾಗಿದೆ, ಬಳಸಿಲ್ಲ ಎಂದು ಬರೆದುಕೊಂಡರು. ಒಡೆದ ಟೈಲ್ಸಿನ ದುರಸ್ತಿ ಕೋಣೆಯವಳ ಲೆಕ್ಕಕ್ಕೆ ಎಂದು ಮ್ಯಾನೇಜರ್ ಹೇಳಿದ. ಆ ಮನುಷ್ಯನನ್ನು ಯಾರೂ ಹುಡುಕಲಿಲ್ಲ. ರಸೀದಿಯಲ್ಲಿ ಅವನು ಬರೆಸಿದ್ದ ಹೆಸರು ಅವನದಲ್ಲ.

ಸಮಿತಿ ಮತ್ತೆ ಸಭೆ ಕರೆಯಿತು. ಕಾನೂನು ಉಳಿಯಬೇಕೋ ಹೋಗಬೇಕೋ ಎಂದು ಚರ್ಚೆ. ಅದಕ್ಕೂ ಮೊದಲು ಇಬ್ಬರು ಅಮ್ಮಾವ್ರೂ ಬೇರೆ ಬೇರೆಯಾಗಿ ಗಿಣಿಯ ಮಂಚದ ಹತ್ತಿರ ಬಂದರು. ಈ ಸಲ ಕೂತರು. ಹೊಲಿಗೆಯಮ್ಮ, ಸಭೆಗೆ ಬರುವಾಗ ಕುತ್ತಿಗೆಗೆ ಏನೂ ಸುತ್ತಿಕೊಳ್ಳಬೇಡ, ಜನ ನೋಡಲಿ, ನೋಡಿದರೆ ಎಲ್ಲ ಮನೆಗಳನ್ನೂ ಮುಚ್ಚುತ್ತಾರೆ ಎಂದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಕಾರ್ಡಿನಮ್ಮ, ನೀನು ಬರಲೇಬೇಡ, ನಿನ್ನನ್ನು ನೋಡಿದರೆ ಇಷ್ಟು ಕಷ್ಟಪಟ್ಟು ತಂದ ಕಾರ್ಡು ಹೋಗುತ್ತದೆ, ಪೇದೆ ಮತ್ತೆ ಬರುತ್ತಾನೆ ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಗಿಣಿ ಇಬ್ಬರ ಮುಖವನ್ನೂ ನೋಡಿದಳು. ಅವರು ಹೋದ ಮೇಲೆ ಮಡಚಿದ ಲೋಟವನ್ನು ಕೈಚೀಲಕ್ಕೆ ಹಾಕಿದಳು.

ಅದೇ ಹಾಲು. ಅದೇ ಕೊನೆಯ ಸಾಲು. ಅದರ ಮೇಲೆ ಹಳೆಯ ಪೇಪರು. ಸೌಟಕ್ಕ ತನ್ನ ಕುರ್ಚಿಯ ಪೇಪರನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಕಾವಲಿನವನ ಕೈಗಿಟ್ಟು ಕೂತಳು. ಒಬ್ಬೊಬ್ಬಳೂ ಹಾಗೇ ಮಾಡಿದಳು. ಅವನು ಪೇಪರಿನ ಕಟ್ಟು ಹಿಡಿದು ಎಲ್ಲಿಡುವುದೆಂದು ತಿಳಿಯದೆ ನಿಂತ.

ಗಿಣಿಯನ್ನು ವೇದಿಕೆಗೆ ಕರೆದರು. ಕಿವಿಯಕ್ಕ ಜೊತೆಗೆ ಹತ್ತಲು ಹೋದರೆ ತಡೆದರು. ಅವಳು ಕೆಳಗೆ, ಮೆಟ್ಟಿಲ ಪಕ್ಕ ನಿಂತಳು.

“ಗುಂಡಿ ಇತ್ತಲ್ಲಮ್ಮ,” ಎಂದರು ಅಧ್ಯಕ್ಷರು. “ಯಾಕೆ ಒತ್ತಲಿಲ್ಲ?”

ಗಿಣಿ ಬಾಯಿ ತೆರೆದಳು. ಮೈಕಿನಲ್ಲಿ ಗಾಳಿ ಸುಯ್ಯೆಂದಿತು.

“ಸ್ವಲ್ಪ ಜೋರಾಗಿ ಹೇಳಿ.”

ಗಿಣಿ ಮತ್ತೆ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಗಾಳಿ. ಅವಳ ಪರವಾಗಿ ನಾನು ಹೇಳುತ್ತೇನೆ ಎಂದು ಹೊಲಿಗೆಯಮ್ಮ ಎದ್ದರು. ಅವಳ ಪರವಾಗಿ ಹೇಳಲು ನೀವು ಯಾರು ಎಂದು ಕಾರ್ಡಿನಮ್ಮ ಎದ್ದರು. ಒಬ್ಬರು ಅವಳ ಬಲ ಹೆಗಲು ಹಿಡಿದಿದ್ದರು, ಇನ್ನೊಬ್ಬರು ಎಡ. ಅವಳ ತಲೆಯ ಮೇಲೆ ಮಾತು ಹಾರಾಡಿತು. ಅಧ್ಯಕ್ಷರು ಪೆನ್ನು ತೆಗೆದು ಗಾಜಿನ ಲೋಟಕ್ಕೆ ಬಡಿದರು. ಟಣ್ ಟಣ್ ಟಣ್. ಬಡಿಯುತ್ತ ಹಿಂದಿನ ಸಾಲಿನತ್ತ ಒಮ್ಮೆ ನೋಡಿದರು, ತುಟಿಯಂಚಿನಲ್ಲಿ ಹಳೆಯ ನಗು.

ಹಿಂದಿನ ಸಾಲು ಅಲುಗಲಿಲ್ಲ. ಒಮ್ಮೆ ನಗಿಸಿಕೊಂಡದ್ದು ಸಾಕಾಗಿತ್ತು. ಕಾಲು ಏಳುತ್ತಿತ್ತು. ಕೈಯಲ್ಲಿ ಒತ್ತಿ ಹಿಡಿದರು.

ಗಿಣಿ ಹೆಗಲು ಕೊಡವಿಕೊಂಡಳು. ಚೀಲದಿಂದ ಲೋಟ ತೆಗೆದಳು. ಅಧ್ಯಕ್ಷರ ಮೇಜಿನ ಮೇಲೆ, ಅವರ ಕಾಗದಗಳ ನಡುವೆ ಬಡಿದಳು.

ಒಂದು. ನೀರಲ್ಲ. ಎರಡು. ಕೆಮ್ಮಲ್ಲ. ಆಮೇಲೆ ಎಣಿಕೆ ಇರಲಿಲ್ಲ. ಮಂಚಕ್ಕೂ ಕಿಟಕಿಗೂ ನಡುವೆ ಬಿದ್ದು ಬಡಿದ ಹಾಗೇ ಬಡಿದಳು, ಕಣ್ಣು ಮೇಲೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿಕೊಂಡು. ಅವತ್ತು ಆ ಇಟ್ಟಿಗೆ ನುಂಗಿದ ಸದ್ದು ಅದು. ಕಿವಿಯಕ್ಕ ಅದನ್ನು ಮೊದಲ ಸಲ ಕೇಳಿದಳು. ಬೀದಿಯಾಚೆ ಪದ ಹೇಳಿಕೊಂಡು ಕೂತಿದ್ದಾಗ ಕೇಳದೆ ಹೋದದ್ದು, ಆ ಗಿರಾಕಿಗೆ ದಾರಿ ಬಿಡಲು ಕಾಲೆಳೆದುಕೊಂಡಾಗ ಆಗಲೇ ನಿಂತುಹೋಗಿದ್ದದ್ದು, ಈಗ ಮೈಕಿನಲ್ಲಿ ಹಾಲಿನ ತುಂಬ ಕೇಳುತ್ತಿತ್ತು.

ಅವರು ಬಂದರು. ಇದ್ದ ಹಾಗೆ ಬಂದರು. ಮೆಟ್ಟಿಲು ಬಿಟ್ಟು ವೇದಿಕೆಯ ಅಂಚಿಗೆ ಮೊಣಕಾಲೂರಿ ಹತ್ತಿದರು. ತಡೆಯಲು ಬಂದ ಕಾವಲಿನವನ ಪೇಪರಿನ ಕಟ್ಟು ಹಾರಿ ಚೆಲ್ಲಾಪಿಲ್ಲಿಯಾಯಿತು. ಬಾಗಿಲ ತುಂಬ ನಿಲ್ಲುವ ಹಾಗೆ ಮೇಜಿನ ಸುತ್ತ ನಿಂತರು. ಈ ಸಲ ಯಾರೂ ನಗಲಿಲ್ಲ. ಗಿಣಿಯ ಕೈ ನಿಂತಿತು. ಯಾರಾದರೂ ಬಂದರೆ ಬಡಿತ ನಿಲ್ಲಿಸಬೇಕು, ಅದೂ ಪದ್ಧತಿ.

ಅಧ್ಯಕ್ಷರು ಕೂತುಕೊಳ್ಳಿ ಎಂದರು. ಗಾಜಿನ ಲೋಟಕ್ಕೆ ಪೆನ್ನು ಬಡಿದರು. ಯಾರೂ ಕೂರಲಿಲ್ಲ.

“ನೀವು ಕೇಳಿದ್ರಲ್ಲ, ಅದಕ್ಕೆ ಇದು ಉತ್ತರ,” ಎಂದಳು ಕಿವಿಯಕ್ಕ. ದನಿ ಏರಿಸಲಿಲ್ಲ. “ಕುತ್ತಿಗೆ ಮೇಲೆ ಕೈ ಇರುವಾಗ ಬಾಗಿಲ ತನಕ ಹೋಗೋದು ಹೇಗೆ ಸಾಹೇಬ್ರೇ? ಕೈಗೆ ಲೋಟ ಸಿಕ್ತು, ಬಡಿದಳು. ನಾವು ಗೋಡೆ ಆಚೆ ಇದ್ವಿ. ಗೋಡೆ ನಿಮ್ಮದು.”

ಅಧ್ಯಕ್ಷರು ಗಂಟೆಯ ಮಾತೆತ್ತಿದರು.

“ಗಂಟೆ ಬಡಿದ್ರೆ ಬರೋನು ಮ್ಯಾನೇಜರ್. ಅವನು ದುಡ್ಡು ಕೊಟ್ಟೋನ ಕಡೆ. ನಾವು ಬಡಿದೋಳ ಕಡೆ.” ಅವಳು ಇಬ್ಬರು ಅಮ್ಮಾವ್ರ ಕಡೆಗೂ ತಿರುಗಿದಳು. “ಮುಚ್ಚೋಕೆ ಬಿಡಲ್ಲ. ಕಾರ್ಡ್ ವಾಪಸ್ ಕೊಡಲ್ಲ. ಗೋಡೆ ಮಾತ್ರ ಇರಲ್ಲ.”

ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಸಭೆಗೆ ಅಡ್ಡಿಯಾದದ್ದನ್ನು ಬರೆದುಕೊಳ್ಳಿ ಎಂದು ಅಧ್ಯಕ್ಷರು ಗುಮಾಸ್ತನಿಗೆ ಹೇಳಿದರು. ಟೀಗೆ ಬಿಡುವು ಕೊಟ್ಟರು.

ಮರುದಿನ ಬೆಳಿಗ್ಗೆ ವೆಲ್ಡಿಂಗ್ ಅಂಗಡಿಯಿಂದ ಹಾರೆ ಕೇಳಿ ತಂದರು. ಅಂಗಡಿಯವನು ಯಾಕೆ ಎಂದು ಕೇಳಲಿಲ್ಲ. ಮಂಚ ಸರಿಸಿ, ತಲೆದೆಸೆಯ ಎತ್ತರಕ್ಕೆ, ಪ್ರತಿ ಗೋಡೆಯಲ್ಲೂ ಇಟ್ಟಿಗೆಗಳನ್ನು ಕಿತ್ತರು. ಪ್ಯಾಸೇಜಿನ ಕಡೆಗೂ ಕಿತ್ತರು. ಅಂಗೈ ಬೊಬ್ಬೆ ಬಂದು ಒಡೆಯಿತು. ಟೈಲ್ಸಿನ ಚೂರು ಕಾಲಿಗೆ ಹೊಕ್ಕಿತು. ಮ್ಯಾನೇಜರ್ ಟೈ ಸಡಿಲಿಸಿಕೊಂಡು ಮೆಟ್ಟಿಲಲ್ಲಿ ನಿಂತು ಕೂಗಿದ, ಲೈಸೆನ್ಸು ಹೋಗುತ್ತದೆ, ಎಲ್ಲರ ಅನ್ನ ಹೋಗುತ್ತದೆ ಎಂದ. ಸುಮ್ಮನಿರು ಮಾವ ಎಂದಳು ಸೌಟಕ್ಕ. ತೂತು ಬಿದ್ದ ಮೇಲೆ ಒಬ್ಬಳು ಈ ತುದಿಯ ಕೋಣೆಯಲ್ಲಿ ಲೋಟ ತಾಗಿಸಿದಳು. ಆ ತುದಿಯವಳು ನೀರು ತಂದುಕೊಟ್ಟಳು.

ಬಕೆಟ್ಟು ಇಳಿಸಿ ಸ್ಟೂಲು ಒರೆಸಿದರು. ಊಟದ ತಟ್ಟೆ ತೊಳೆದಾಯಿತು. ಕಿವಿಯಕ್ಕ ಕೂತಳು. ಟಕ್.

ಬಾಗಿಲುಗಳು ತೆರೆದವು.

ಪೇದೆ ಬರಲು ಬಹಳ ಹೊತ್ತಾಗಲಿಲ್ಲ. ಅವನೇ, ಸಾಲಲ್ಲಿ ನಿಂತ್ಕೋ ಎನ್ನಿಸಿಕೊಂಡವನು. ಮುಖದಲ್ಲಿ ಊಟವಾದ ಕಳೆ ಇತ್ತು. ಕಾರ್ಡಿದ್ದವರನ್ನು ಅವನು ಮುಟ್ಟಲಿಲ್ಲ. ಕಾನೂನು ಅವನಿಗೂ ಗೊತ್ತಿತ್ತು. ಸ್ಟೂಲಿನ ಮುಂದೆ ಬಂದು ನಿಂತ. ಯಾರ ಗಳಿಕೆ ಮೇಲೆ ಬದುಕುತ್ತೀಯ, ಅದನ್ನು ನಿನ್ನ ಬಾಯಲ್ಲೇ ಹೇಳು ಎಂದ.

“ಇವರ ಗಳಿಕೆ ಮೇಲೆ,” ಎಂದಳು ಕಿವಿಯಕ್ಕ.

ಅಷ್ಟು ಸುಲಭಕ್ಕೆ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ. ಅವಳು ಮೊಣಕಾಲು ಹಿಡಿದು ನಿಧಾನಕ್ಕೆ ಎದ್ದಳು. ಕೋಣೆಗಳಿಂದ ಹೆಂಗಸರು ಹೊರಗೆ ಬಂದಿದ್ದರು. ಸೌಟಕ್ಕನ ಕೈಯಲ್ಲಿ ಸೌಟಿತ್ತು. ಲೋಟದ ಸದ್ದಿಗೆ ಕಿವಿಗೊಡುವುದು ಬಿಟ್ಟು ಇಲ್ಲಿಗೆ ಬರಬೇಡಿ, ಒಳಗೆ ಹೋಗಿ ಎಂದು ಅವರಿಗೆ ಹೇಳಿದಳು. ಅವರು ಹೋಗಲಿಲ್ಲ. ಪೇದೆ ತೋಳು ಹಿಡಿದ. ಮುರಿದು ಕೂಡಿದ್ದ ಹೆಗಲಿನ ಕಡೆಯೇ ಹಿಡಿದ. ಕೆಳಗೆ ಮ್ಯಾನೇಜರ್ ತನ್ನ ಮೇಜಿನಲ್ಲಿ ಯಾರಿಗೋ ರಸೀದಿ ಹರಿದು ಕೊಡುತ್ತಿದ್ದ.

ಜೀಪು ಪ್ಯಾಸೇಜಿನ ಕಿಟಕಿಯ ಕೆಳಗೇ ನಿಂತಿತ್ತು. ಅವಳನ್ನು ಹಿಂದೆ ಕೂರಿಸಿದರು. ಚಾಲಕ ಬೀಡಿ ಮುಗಿಸುತ್ತಿದ್ದ. ಎದುರಿನ ಅಂಗಡಿಯವನು ಯಂತ್ರ ನಿಲ್ಲಿಸಿ ನೋಡುತ್ತಿದ್ದ. ಬೀದಿ ಸುಮ್ಮನಿತ್ತು. ಅವಳ ತುಟಿಯ ಮೇಲಿನ ಪದ ಅರ್ಧಕ್ಕೆ ನಿಂತಿತು. ಕಣ್ಣು ಮುಚ್ಚಿದಳು. ಅವಳ ಕಿವಿ ಮೆಟ್ಟಿಲು ಹತ್ತಿ ಹೋಗಿತ್ತು.

ಮೇಲೆ ಟಕ್ ಎಂದಿತು.

ಹಗುರ ಮೈಯವಳು. ಸೌಟಕ್ಕ ಕೂತರೆ ಆ ಸ್ಟೂಲು ನರಳುತ್ತದೆ. ಇದು ಗಿಣಿ. ನಾಳೆ ಇವರು ಗಿಣಿಗೂ ಬರುತ್ತಾರೆ. ಕಾರ್ಡಿನಲ್ಲಿ ಮಂಚದ ಕೆಲಸವಿದೆ, ಸ್ಟೂಲಿನ ಕೆಲಸವಿಲ್ಲ. ಬರಲಿ. ನಾಳಿದ್ದು ಸ್ಟೂಲು ನರಳುತ್ತದೆ.

ಚಾಲಕ ಬೀಡಿ ಎಸೆದು ಕೀಲಿ ತಿರುಗಿಸುವ ಮೊದಲು, ಒಂದೊಂದಾಗಿ ಬಾಗಿಲು ತೆರೆದುಕೊಂಡ ಸದ್ದು ಕೇಳಿತು.